ಮೂರು ತಾಲೂಕಿನ ಕೋಳಿ ಗೊಬ್ಬರ

ಕಳೆದ ವರ್ಷದ ಯುಗಾದಿಗೂ ಗಣೇಶ ಚೌತಿಗೂ ನಡುವೆ ನಡೆದ ಸಂಗತಿಗಳಿವು. ಗೊಬ್ಬರದ ಕೆಲಸದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಒಂದಕ್ಕೆ ಮಣ್ಣು ಮುಚ್ಚಿ ಬರುವಷ್ಟರಲ್ಲಿ ಇನ್ನೊಂದು ನಾರಲು ಶುರುವಾಗಿರುತ್ತದೆ.

ನಾನು ರಸಾಯನಶಾಸ್ತ್ರದಲ್ಲಿ ಬಿಎಸ್ಸಿ. ಶಿರಸಿಯ ಒಂದು ಮಹಿಳಾ ಸಂಘ, ಹಿತ್ತಲಲ್ಲಿ ತರಕಾರಿ, ಹೂವು ಬೆಳೆಯುವವರದು, ನನ್ನನ್ನು ಗೊಬ್ಬರ ಮಾರ್ಗದರ್ಶಿ ಎಂದು ಸೇರಿಸಿಕೊಂಡಿತು. ತಾತ್ಕಾಲಿಕ. ಸಮಿತಿಯ ಷರತ್ತು ಸರಳವಾಗಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರು ತಾಲೂಕಿನಲ್ಲೂ ಒಂದೊಂದು ಮನೆಯ ಹಿತ್ತಲಲ್ಲಿ ಕೋಳಿ ಗೊಬ್ಬರ ಬೆರೆಸಿದ ಕಾಂಪೋಸ್ಟ್ ಗುಂಡಿ ಚೌತಿಯೊಳಗೆ ತಯಾರಾಗಬೇಕು. ಮೂರೂ ಆದರೆ ಕೆಲಸ ಕಾಯಂ. ಒಂದು ಕಡಿಮೆಯಾದರೂ ಹುಬ್ಬಳ್ಳಿಯಲ್ಲಿ ಸೋದರಮಾವನ ಔಷಧ ಅಂಗಡಿ. ಅಲ್ಲಿ ಗಲ್ಲೆಯ ಹಿಂದೆ ಒಂದು ಕುರ್ಚಿ ನನಗಾಗಿ ಖಾಲಿ ಇದೆ ಎಂದು ಆಯಿ, ಅಂದರೆ ಅಮ್ಮ, ಆಗಾಗ ನೆನಪಿಸುತ್ತಿದ್ದಳು. ನನಗೆ ಆ ಕುರ್ಚಿ ಬೇಡವಾಗಿತ್ತು. ಓದಿದ್ದರಲ್ಲಿ ಒಂದಾದರೂ ಮಣ್ಣಿಗೆ ಬೀಳಲಿ ಎಂದಿತ್ತು.

ವಿಷಯ ಕಷ್ಟದ್ದಲ್ಲ. ಕೋಳಿ ಗೊಬ್ಬರದಲ್ಲಿ ಸಗಣಿಗಿಂತ ಸಾರಜನಕ ಹೆಚ್ಚು. ಬದನೆ, ಹೀರೆ, ಡೇರೆ ಎಂದು ನಾವು ಕರೆಯುವ ಡೇಲಿಯಾ ಹೂವು, ಎಲ್ಲಕ್ಕೂ ಒಳ್ಳೆಯದು. ಆದರೆ ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ. ಒಂದು ಪಾಲು ಕೋಳಿ ಗೊಬ್ಬರಕ್ಕೆ ಮೂರು ಪಾಲು ದರಕು, ಅಂದರೆ ಒಣಗಿ ಬಿದ್ದ ಎಲೆ, ಬೆರೆಸಬೇಕು. ಹಿಂಡಿದ ಬಟ್ಟೆಯಷ್ಟು ತೇವ ಇರಬೇಕು. ಆಗಾಗ ಮಗುಚಬೇಕು. ಬಿಸಿ ಆರುವವರೆಗೆ ಕಾಯಬೇಕು. ಬೂದಿ, ಸುಣ್ಣ ತಾಗಿಸಬಾರದು. ಇಷ್ಟೇ.

ಇದನ್ನು ಹೋದಲ್ಲೆಲ್ಲ ಹೇಳಿದೆ. ಯಾರೂ ತಪ್ಪಾಗಿ ಕೇಳಿಸಿಕೊಳ್ಳಲಿಲ್ಲ. ಸರಿಯಾಗಿ ಕೇಳಿಸಿಕೊಂಡೇ ಮಾಡಿದ್ದು.

ಯಾವ ಪಕ್ಷಿ?

ಮೊದಲ ಸಭೆ ಶಿರಸಿಯಲ್ಲಿ. ಸಭಾಭವನಕ್ಕೆ ತಾಗಿಯೇ ದೇವಸ್ಥಾನ. ನಾನು ಮೈಕ್ ಹಿಡಿಯುವ ಮೊದಲು ಸಂಘದ ಅಧ್ಯಕ್ಷರು ಪಕ್ಕಕ್ಕೆ ಕರೆದರು. ಅರವತ್ತರ ಹೆಂಗಸು, ಪೇಟೆಯ ನಡುವೆ ದೊಡ್ಡ ಮನೆ, ಡೇರೆ ಹೂವು ಬೆಳೆಯುವುದರಲ್ಲಿ ಊರಿಗೇ ಹೆಸರು.

"ಕೂಸೇ, ಇಲ್ಲಿ ಕೋಳಿ ಹೇಳಿ ಹೇಳಡ."

"ಮತ್ತೆ ಎಂತ ಹೇಳವು?"

"ಎಂತಾರು ಹೇಳು. ಅದೊಂದು ಬಿಟ್ಟು."

ನಮ್ಮದೂ ಮಡಿಯ ಮನೆ, ಅಲ್ಲೂ ಹಾಗೇ. ಆ ಪದ ಹೇಳಬೇಕಾಗಿ ಬಂದರೆ ಆಯಿ ದನಿ ತಗ್ಗಿಸುತ್ತಾಳೆ. ಹಾಗಾಗಿ ನಾನು ಸಭೆಯುದ್ದಕ್ಕೂ "ಪಕ್ಷಿ ಗೊಬ್ಬರ" ಎಂದೆ. ಎಲ್ಲರೂ ತಲೆದೂಗಿದರು. ಪ್ರಶ್ನೆ ಇದ್ದರೆ ಕೇಳಿ ಎಂದಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದರು.

"ಪಕ್ಷಿ ಹೇಳಿದ್ರೆ ಯಾವ ಪಕ್ಷಿ? ಎಂಗಳಲ್ಲಿ ನವಿಲು ಬತ್ತು."

"ನವಿಲು ಅಲ್ಲ ಅಜ್ಜಿ."

"ಗಿಳಿಯಾ?"

"ಗಿಳಿಯೂ ಅಲ್ಲ."

"ಹಂಗಾರೆ ಎಂತದು? ಮನೆಲ್ಲಿ ಸಾಕದಾ?"

"ಸಾಕ್ತ. ಎಂಗ ಅಲ್ಲ."

ಇಡೀ ಸಭೆಗೆ ಗೊತ್ತಿತ್ತು. ಅಜ್ಜಿಗೂ ಗೊತ್ತಿತ್ತು. ಆದರೂ ಅವರು ಕೂರಲಿಲ್ಲ. ಕೊನೆಗೆ ಅಧ್ಯಕ್ಷರು ಮೈಕ್ ಕಸಿದುಕೊಂಡರು. "ಗರುಡನೂ ಪಕ್ಷಿಯೇ ಅಲ್ದಾ? ಹಂಗೇ ತಿಳ್ಕಳಿ."

ಸಭೆಗೆ ಸಮಾಧಾನವಾಯಿತು. ನಮ್ಮಲ್ಲೂ ಗುಂಡಿ ಮಾಡುತ್ತೇವೆ ಎಂದು ಹತ್ತಾರು ಕೈ ಮೇಲೆದ್ದವು. ಆ ಮನೆಗಳಿಗೆಲ್ಲ ಚೀಲ ಮುಟ್ಟಿಸಲು ಯಲ್ಲಾಪುರದ ಭಾಯಿಯೊಬ್ಬರ ಟೆಂಪೋ ಗೊತ್ತು ಮಾಡಿದ್ದೆ. ಬನವಾಸಿ ಕಡೆಯ ಕೋಳಿ ಫಾರಮ್ಮಿನಿಂದ ಅವರು ತುಂಬಿಸಿ ತಂದರು. ಮರುದಿನ ನಾವಿಬ್ಬರೂ ಶಿರಸಿ ಪೇಟೆ ಸುತ್ತಿದೆವು. ಕೈ ಎತ್ತಿದವರ ಗೇಟುಗಳೆಲ್ಲ ಮುಚ್ಚಿದ್ದವು. ತೆರೆದದ್ದು ಒಂದೇ, ನಿವೃತ್ತ ಸಂಸ್ಕೃತ ಮಾಸ್ತರರದು. ಶಿರಸಿಯ ಗುಂಡಿ ಅಲ್ಲೇ ಎಂದು ನಿಶ್ಚಯವಾಯಿತು.

ಸಂಜೆ ಭಾಯಿ ಹೇಳಿದರು, "ಮೇಡಂ, ಉಳಿದ ಚೀಲದ ಚಿಂತೆ ಬಿಡಿ. ಎರಡು ಚೀಲ ಒಂದು ಮನೆಯಲ್ಲಿ ಇಳಿಸಿದೆ. ಹಿಂದಿನ ಗೇಟು."

"ಯಾವ ಮನೆ?"

"ಹೇಳಬಾರದು ಅಂತ ಆ ಅಮ್ಮ ಆಣೆ ಹಾಕಿಸಿದ್ದಾರೆ. ಬಾಳೆಎಲೆ ಮುಚ್ಚಿ ತರಬೇಕು ಅಂತಾನೂ ಹೇಳಿದ್ದಾರೆ."

ಯಾರೋ ತೆಂಗಿಗೆ ಹಾಕಿಕೊಂಡಿರಬೇಕು ಎಂದು ಮರೆತೆ. ಗೇಟು ತೆರೆಯದವರಲ್ಲಿ ಒಬ್ಬಾಕೆ ಮಾತ್ರ ಒಳಗಿನಿಂದಲೇ ಕಾರಣ ಹೇಳಿದ್ದರು: "ಗರುಡಂದು ಹೇಳಿದ್ದಿ. ಇದು ಗರುಡನ ನಾತ ಅಲ್ಲ."

ಗರುಡನ ನಾತ ಅವರಿಗೆ ಹೇಗೆ ಗೊತ್ತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಹಸುವಿನ ಅಭಿಪ್ರಾಯ

ಸಿದ್ದಾಪುರದಲ್ಲಿ ಒಪ್ಪಿದವಳು ಒಂದು ಮನೆಯ ಸೊಸೆ. ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ಉತ್ಸಾಹಿ. ಒಂದೇ ತೊಂದರೆ, ಅತ್ತೆ. ಮಡಿ ಎಂದರೆ ಮಡಿ.

"ಅತ್ತೆಗೆ ಗೊತ್ತಾದ್ರೆ ಗುಂಡಿಗೆ ಎನ್ನನ್ನೇ ಹಾಕ್ತು," ಎಂದಳು.

ಹಾಗಾಗಿ ಅವಳು ತನ್ನದೇ ಉಪಾಯ ಮಾಡಿದಳು. ನಾನು ಕೊಟ್ಟ ಗೊಬ್ಬರವನ್ನು ಪಶು ಆಹಾರದ ಖಾಲಿ ಚೀಲಕ್ಕೆ ಸುರಿದು, ಬಾಯಿ ಕಟ್ಟಿ, ಕೊಟ್ಟಿಗೆಯ ಮೂಲೆಯಲ್ಲಿಟ್ಟಳು. ಪಶು ಆಹಾರದ ಚೀಲವನ್ನು ಯಾರೂ ಅನುಮಾನಿಸುವುದಿಲ್ಲ. ನಿಜ. ಅತ್ತೆಯೂ ಅನುಮಾನಿಸಲಿಲ್ಲ. ಬೆಳಿಗ್ಗೆ ಎದ್ದು ಅದರಿಂದಲೇ ಎರಡು ಬೊಗಸೆ ತೆಗೆದು, ಬಕೆಟ್ಟಿನಲ್ಲಿ ಬೆಚ್ಚಗಿನ ನೀರು ಕಲಸಿ, ಹಸುವಿನ ಮುಂದಿಟ್ಟರು. ಅವರಿಗೆ ವರ್ಷಗಳಿಂದ ನೆಗಡಿ. ಮೂಗು ಕೆಲಸ ಮಾಡುತ್ತಿರಲಿಲ್ಲ.

ಹಸು ಮೂಸಿತು. ಹಿಂದೆ ಸರಿಯಿತು. ಅತ್ತೆ ಬೆಲ್ಲ ಹಾಕಿದರು. ಹಸು ಗೋಡೆಯ ಕಡೆ ಮುಖ ತಿರುಗಿಸಿತು.

ನಾನು ಗುಂಡಿಗೆ ಜಾಗ ನೋಡಲು ಹೋದಾಗ ಅಂಗಳದಲ್ಲಿ ಪಶುವೈದ್ಯರ ಬೈಕಿತ್ತು. ಸೊಸೆ ಬಾಗಿಲ ಹಿಂದೆ ಅವಿತು ನಿಂತಿದ್ದಳು. ಡಾಕ್ಟರು ಹಸುವಿನ ಜ್ವರ ನೋಡಿದರು, ನಾಲಿಗೆ ಎಳೆದು ನೋಡಿದರು, ಹೊಟ್ಟೆಗೆ ಕಿವಿಯಿಟ್ಟರು. ಎಲ್ಲ ಸರಿಯಾಗಿತ್ತು. ಯಾವುದಕ್ಕೂ ಇರಲಿ ಎಂದು ಒಂದು ಇಂಜೆಕ್ಷನ್ನೂ ಕೊಟ್ಟರು.

"ಎಂತ ತಿನ್ತಿಲ್ಲೆ ಡಾಕ್ಟ್ರೇ," ಎಂದು ಅತ್ತೆ ಕಣ್ಣೊರೆಸಿಕೊಂಡರು. "ಬೆಲ್ಲ ಹಾಕಿದ್ರೂ ಮುಟ್ತಿಲ್ಲೆ."

"ಏನು ಕೊಟ್ಟಿದ್ದು, ತೋರಿಸಿ."

ಡಾಕ್ಟರು ಬಕೆಟ್ಟಿಗೆ ಬಾಗಿದರು. ತಕ್ಷಣ ನೆಟ್ಟಗಾದರು. ಬಕೆಟ್ಟು ನೋಡಿದರು, ಅತ್ತೆಯನ್ನು ನೋಡಿದರು, ಆಮೇಲೆ ಯಾಕೋ ನನ್ನನ್ನು ನೋಡಿದರು.

"ಅಮ್ಮ, ಹಸುವಿಗೆ ಏನೂ ಆಗಿಲ್ಲ. ಈ ಮನೆಯಲ್ಲಿ ಸರಿಯಾಗಿ ಯೋಚನೆ ಮಾಡ್ತಿರೋದು ಅದೊಂದೇ."

ವಿಷಯ ಹೊರಬಿತ್ತು. ನಾನು ಸಿದ್ದಾಪುರದ ಆಸೆ ಬಿಟ್ಟೆ. ಅತ್ತೆ ಬಕೆಟ್ಟನ್ನು ಹಿತ್ತಲಿಗೆ ಚೆಲ್ಲಿ ಬಂದು ಜಗುಲಿಯಲ್ಲಿ ಕೂತರು. ಆಮೇಲೆ ಅಂದರು, "ಬಂದದ್ದು ಬಂತು. ಕೊಟ್ಟಿಗೆ ಒಳಗೇ ಬಂದ ಮೇಲೆ ಇನ್ನೆಂತ ಮಡಿ? ಗುಂಡಿ ಮಾಡಿ. ಆದ್ರೆ ಮುಟ್ಟಿದವ್ಕೆಲ್ಲ ಸ್ನಾನ."

ಸೊಸೆ ಕೂಡಲೇ ಮಗುಚುವ ಕೆಲಸವನ್ನು ಗಂಡನಿಗೆ ಒಪ್ಪಿಸಿದಳು. ಮಗುಚಿದಾಗೆಲ್ಲ ಸ್ನಾನ. ನೀರು ಹಾಕಿದರೆ ಸ್ನಾನ. ಆಗಿದೆಯೋ ಎಂದು ಕೋಲಿನಿಂದ ಕುಕ್ಕಿ ನೋಡಿದರೂ ಸ್ನಾನ. ಅತ್ತೆ ಬಚ್ಚಲ ಬಾಗಿಲಲ್ಲೇ ನಿಂತಿರುತ್ತಿದ್ದರು. ನಾನು ಹೋದಾಗೆಲ್ಲ ಆತನ ತಲೆ ಒದ್ದೆ.

"ಗೊಬ್ಬರ ಆತಾ ತಂಗಿ?" ಎಂದು ಕೇಳುತ್ತಿದ್ದ. "ಬೇಗ ಆಗ್ಲಿ. ಎನ್ನ ಚರ್ಮ ಸವೀತಾ ಬಂತು."

ಅರ್ಧ ಟಿಕೆಟ್

ಭಾಯಿಯ ಟೆಂಪೋ ಗ್ಯಾರೇಜಿನಲ್ಲಿತ್ತು. ಯಲ್ಲಾಪುರದ ಗುಂಡಿಗೆ ಗೊಬ್ಬರ ತುರ್ತಾಗಿ ಬೇಕಿತ್ತು. ಒಂದು ಸಣ್ಣ ಚೀಲ ಕಟ್ಟಿಕೊಂಡು ಶಿರಸಿಯಲ್ಲಿ ಬಸ್ಸು ಹತ್ತಿದೆ. ಹಿಂದಿನ ಸೀಟಿನ ಕೆಳಗೆ ಇಟ್ಟೆ. ಕಂಡಕ್ಟರ್ ಬಂದವರು ಮೂಗು ಎಳೆದರು.

"ಕೋಳಿ ಎಷ್ಟು?"

"ಕೋಳಿ ಇಲ್ಲ. ಗೊಬ್ಬರ."

"ವಾಸನೆ ಕೋಳಿದು."

"ಗೊಬ್ಬರವೂ ಕೋಳಿದೇ."

"ಮತ್ತೆ ಕೋಳಿ ಎಲ್ಲಿ?"

"ಬನವಾಸಿಯಲ್ಲಿ."

"ಕೋಳಿ ಬನವಾಸಿಯಲ್ಲಿ, ಗೊಬ್ಬರ ಯಲ್ಲಾಪುರದ ಬಸ್ಸಲ್ಲಿ. ನಾನು ಇವತ್ತು ಕೆಲಸಕ್ಕೆ ಸೇರಿದವನಲ್ಲ ಮೇಡಂ." ಕೋಳಿಗೆ ಅರ್ಧ ಟಿಕೆಟ್ ಎಂಬುದು ನಿಯಮ. ಹರಿದು ಕೈಗಿತ್ತರು.

ಸುತ್ತಲಿನವರಿಗೆ ಕೆಲಸ ಸಿಕ್ಕಿತು. ಹಾವೇರಿ ಕಡೆಯ ಅಜ್ಜರೊಬ್ಬರು ಚೀಲದ ಮೇಲೆ ಕೈಯಿಟ್ಟು, "ಬೆಚ್ಚಗೈತ್ರಿ. ಜೀವ ಐತಿ," ಎಂದರು. ಹಸಿ ಗೊಬ್ಬರ ಚೀಲದಲ್ಲೇ ಬಿಸಿಯಾಗುತ್ತದೆ ಎಂದೆ. ಯಾರೂ ಕೇಳಲಿಲ್ಲ. ಪಕ್ಕದ ಹೆಂಗಸು ರೇಗಿದರು. "ಒದ್ದಾಡ್ತಾನೂ ಇಲ್ಲ ಪಾಪ. ಕಲ್ಲು ಮನಸ್ಸು ನಿಂದು. ಚೀಲದ ಬಾಯಿ ಬಿಚ್ಚೇ, ಅದಕ್ಕೆ ಉಸಿರಾಡಲಿಕ್ಕೆ ಬೇಡವಾ?"

"ಬಿಚ್ಚುವುದು ಬೇಡ," ಎಂದೆ.

"ನೋಡಿ, ಬಿಚ್ಚೋದಿಲ್ವಂತೆ!"

ಬಸ್ಸಿನ ಅಭಿಪ್ರಾಯ ಒಂದಾಗಿತ್ತು. ಬಿಚ್ಚಿದೆ.

ಯಾರೂ ಹೇಳದೆಯೇ ಡ್ರೈವರು ಬಸ್ಸು ನಿಲ್ಲಿಸಿದರು. ಎಲ್ಲರೂ ಮುಂದೆ ಹೋಗಿ ನಿಂತರು. ಕಂಡಕ್ಟರ್ ಕರವಸ್ತ್ರ ಮುಚ್ಚಿಕೊಂಡು ದೂರದಿಂದಲೇ ಇಣುಕಿ, ಕೋಳಿ ಇಲ್ಲವೆಂದು ಒಪ್ಪಿದರು. "ಆದರೆ ಟಿಕೆಟ್ ಹರಿದಾಗಿದೆ," ಎಂದರು.

ಯಲ್ಲಾಪುರದವರೆಗೆ ಹಿಂದಿನ ಅರ್ಧ ಬಸ್ಸು ನನ್ನದೇ. ಇಲ್ಲದ ಕೋಳಿಗೂ ಕಿಟಕಿ ಪಕ್ಕ ಜಾಗ ಸಿಕ್ಕಿತು.

ಕಥೆ ಕೇಳಿ ಅತ್ತವರು

ಶಿರಸಿಯ ಸಂಸ್ಕೃತ ಮಾಸ್ತರರು ಒಳ್ಳೆಯ ವಿದ್ಯಾರ್ಥಿ. ನಾನು ಹೇಳಿದ್ದನ್ನೆಲ್ಲ ತಿರುಗಿ ಒಪ್ಪಿಸುತ್ತಿದ್ದರು. ಒಂದು ಪಾಲು, ಮೂರು ಪಾಲು, ಹಿಂಡಿದ ಬಟ್ಟೆ, ಎಲ್ಲ ಕಂಠಪಾಠ. ಒಂದು ವಿಷಯದಲ್ಲಿ ಮಾತ್ರ 'ಸರಿ' ಎನ್ನುವ ಮೊದಲು ಅವರ ಹುಬ್ಬು ಸ್ವಲ್ಪ ಏರುತ್ತಿತ್ತು.

"ಬೂದಿ ಹಾಕ್ಲಾಗ ಮಾಸ್ತರ್ರೇ. ಬೂದಿ ಕ್ಷಾರ. ಈ ಗೊಬ್ಬರಕ್ಕೆ ತಾಗಿದ್ರೆ ಅಮೋನಿಯಾ ಎದ್ದು ಹೋಗ್ತು. ಸಾರ ಎಲ್ಲ ಗಾಳಿಗೆ."

"ಸರಿ, ಸರಿ."

ಒಂದು ಹುಣ್ಣಿಮೆ. ಮಾಸ್ತರರ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಕಥೆ ಓದುವವರು ಅವರೇ. ನನ್ನನ್ನೂ ಕರೆದಿದ್ದರು. ಹೋಗುವಷ್ಟರಲ್ಲಿ ಕಥೆ ಸಾಗುತ್ತಿತ್ತು. ಒಳಗೆ ಕಾಲಿಟ್ಟವಳು ಬೆರಗಾದೆ. ಜಗುಲಿ ತುಂಬ ಜನ, ಎಲ್ಲರ ಕಣ್ಣಲ್ಲೂ ನೀರು. ಹೆಂಗಸರು ಸೆರಗು, ಗಂಡಸರು ಶಾಲು. ಹಿಂದಿನ ಸಾಲಿನಲ್ಲಿ ಒಬ್ಬರು ಬಿಕ್ಕುತ್ತಿದ್ದರು. ಮಾಸ್ತರರೂ ಒಂದೊಂದು ವಾಕ್ಯಕ್ಕೆ ನಿಂತು ಕಣ್ಣೊರೆಸಿ ಮುಂದುವರಿಯುತ್ತಿದ್ದರು. ಅವರು ನಿಂತಷ್ಟೂ ಜನ ಹೆಚ್ಚು ಅಳುತ್ತಿದ್ದರು.

ನನ್ನ ಕಣ್ಣೂ ಉರಿಯಿತು. ಆ ಉರಿ ನನಗೆ ಪರಿಚಯದ್ದು. ಕಾಲೇಜಿನ ಪ್ರಯೋಗಾಲಯದಲ್ಲಿ ಬಾಟಲಿಯ ಮುಚ್ಚಳ ತೆಗೆದಾಗ ಹೀಗೇ ಆಗುತ್ತಿತ್ತು.

ಹಿತ್ತಲಿಗೆ ಓಡಿದೆ. ಜಗುಲಿಯ ಕಿಟಕಿಗೆ ನೇರವಾಗಿ ಗುಂಡಿ. ಅದರ ಮೇಲೆ ಬೂದಿ, ಗೇಣು ದಪ್ಪ. ಬೂದಿಯ ಮೇಲೆ ಸುಣ್ಣ.

ಮಂಗಳಾರತಿ ಆದಮೇಲೆ ಮಾಸ್ತರರನ್ನು ಹಿಡಿದೆ.

"ಬೂದಿ ಹಾಕ್ಲಾಗ ಹೇಳಿದ್ನಲೀ!"

"ಒಲೆ ಬೂದಿ ಹಾಕಿದ್ದಿಲ್ಲೆ ತಂಗಿ," ಎಂದರು ಶಾಂತವಾಗಿ. "ಇದು ಹೋಮದ ಭಸ್ಮ. ಎಂತದೇ ಆದ್ರೂ ಆ ಪ್ರಾಣಿಂದು. ಶುದ್ಧಿ ಮಾಡಡ್ದಾ? ದಿನಾ ಸ್ವಲ್ಪ ಹಾಕಿದಿ. ಹಾಕಿದಷ್ಟೂ ನಾತ ಜಾಸ್ತಿ ಆತು. ಅದಕ್ಕೇ ಇವತ್ತು ಬೆಳಿಗ್ಗೆ ಸುಣ್ಣನೂ ಹಾಕಿದಿ."

ಕ್ಷಾರದ ಮೇಲೆ ಕ್ಷಾರ. ನಾಲ್ಕು ಅಕ್ಷರದ ಒಂದು ಅನಿಲ ಮನೆತುಂಬ ಜನರನ್ನು ಅಳಿಸಿತ್ತು. ಗೊಬ್ಬರದಲ್ಲಿ ಇನ್ನು ಉಳಿದಿದ್ದು ಬಣ್ಣ ಮಾತ್ರ. ವಿವರಿಸಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು. ಮುಖ ಬೆಳಗುತ್ತಿತ್ತು.

"ಅದು ಇರ್ಲಿ. ಜನ ನೋಡಿದ್ಯಾ? ಎನ್ನ ಕಥೆಗೆ ಇಷ್ಟು ಜನ ಅತ್ತದ್ದು ಇದೇ ಮೊದಲು."

ಆ ಸಂಜೆ ಆಯಿಯ ಫೋನು. ಮಾವ ಆ ಕುರ್ಚಿಗೆ ಹೊಸ ಗಾದಿ ಹಾಕಿಸಿದ್ದಾನಂತೆ. ಆದರೆ ಅದಕ್ಕೂ ಮೊದಲು ಪ್ರಸಾದ ಕೊಡುತ್ತ ಮಾಸ್ತರರ ಹೆಂಡತಿ ನನ್ನ ಮುಖ ನೋಡಿ ನಿಂತಿದ್ದರು.

"ಅಯ್ಯೋ, ನೀನೂ ಅತ್ಯಾ? ಯಾವ ಅಧ್ಯಾಯಕ್ಕೆ?"

"ಶಿರಸಿ ಅಧ್ಯಾಯಕ್ಕೆ," ಎಂದೆ.

ಬಾಣಂತನ

ಯಲ್ಲಾಪುರದಲ್ಲಿ ಮಡಿಯ ಪ್ರಶ್ನೆ ಇರಲಿಲ್ಲ. ಟೆಂಪೋ ಭಾಯಿಯ ಅಕ್ಕ, ನಾನು ಆಪಾ ಎನ್ನುತ್ತಿದ್ದೆ, ಹಿತ್ತಲಲ್ಲಿ ತಾವೇ ನಾಲ್ಕಾರು ಕೋಳಿ ಸಾಕಿದ್ದರು; ಅವುಗಳ ಗೊಬ್ಬರ ಗುಂಡಿಗೆ ಸಾಲದ್ದಕ್ಕೇ ನಾನು ಬಸ್ಸಲ್ಲಿ ಚೀಲ ತಂದದ್ದು. ಆ ಪದವನ್ನು ಜೋರಾಗಿ ಹೇಳಬಹುದಾದ ಮನೆ ಅದೊಂದೇ. ನಾನು ಅಲ್ಲಿ ಕಾರಣವಿಲ್ಲದೆಯೂ ಎರಡು ಸಲ ಹೇಳುತ್ತಿದ್ದೆ.

ಆಪಾ ಎಲ್ಲ ಸರಿಯಾಗಿ ಮಾಡಿದರು. ರಾಶಿ ಚೆನ್ನಾಗಿ ಬಿಸಿಯಾಯಿತು. ತೊಂದರೆ ಕೊಟ್ಟದ್ದು ಕೋಳಿಗಳು. ತಮ್ಮದೇ ಕೊಡುಗೆ ಎಂಬ ಹಕ್ಕಿನಿಂದ ಬಂದು ರಾಶಿ ಕೆದಕಿ ಹುಳು ತಿಂದು ಹೋಗುತ್ತಿದ್ದವು. ಬಲೆ ಮುಚ್ಚಿಸಿದೆ. ಮುಂದಿನ ಸಲ ಹೋದಾಗ ಬಲೆ ಇತ್ತು. ಬಲೆಯ ಒಳಗೆ, ರಾಶಿಯ ಅಂಚಿನಲ್ಲಿ, ಒಂದು ಕೆಂಪು ಹೇಂಟೆ ಕೂತಿತ್ತು. ನನ್ನ ಉಷ್ಣಮಾಪಕದ ಪಕ್ಕದಲ್ಲೇ.

"ಆಪಾ, ಇವತ್ತು ಮಗುಚಬೇಕು."

"ಹೇಗೆ ಮಗುಚೋದು ಬೇಟಿ? ಅವಳು ಕಾವಿಗೆ ಕೂತಿದ್ದಾಳೆ."

"ಬೇರೆ ಕಡೆ ಕೂರಿಸಿ."

"ಬುಟ್ಟಿ ಇಟ್ಟೆ, ಹುಲ್ಲು ಹಾಸಿದೆ. ಬರೋದಿಲ್ಲ. ಅಲ್ಲಿ ಕೆಳಗಿಂದಲೂ ಬಿಸಿ ಉಂಟಲ್ಲ. ನಿನ್ನ ಸೈನ್ಸು ಅವಳಿಗೆ ಚೆನ್ನಾಗಿ ಅರ್ಥ ಆಗಿದೆ."

"ಎಬ್ಬಿಸಿಬಿಡಿ ಆಪಾ. ತಡವಾದರೆ ನನ್ನ ಕೆಲಸ ಹೋಗುತ್ತದೆ."

ಆಪಾ ಸೊಂಟಕ್ಕೆ ಕೈಯಿಟ್ಟರು. "ನೀನು ಹೆತ್ತಿದ್ದೀಯಾ?"

"ಇಲ್ಲ."

"ಹಾಗಾದರೆ ಸುಮ್ಮನಿರು."

ಹೇಂಟೆಯನ್ನು ಬಿಟ್ಟು ಸುತ್ತಲಿನದನ್ನು ಮಗುಚಿದೆವು. ಅದು ನಡುಗಡ್ಡೆಯ ಮೇಲೆ ಕೂತಂತೆ ಕೂತು, ಗುದ್ದಲಿ ಹತ್ತಿರ ಬಂದಾಗೆಲ್ಲ ನನ್ನ ಕಾಲು ಕುಕ್ಕಿತು. ಅಧ್ಯಕ್ಷರಿಗೆ ವರದಿ ಕೊಡಬೇಕಿತ್ತು. ಫೋನ್ ಮಾಡಿದೆ.

"ಯಲ್ಲಾಪುರ ಸ್ವಲ್ಪ ತಡ ಆಗ್ತು."

"ಎಂತಕೆ?"

"ಗುಂಡಿಲಿ ಬಾಣಂತನ ನಡೀತಾ ಇದ್ದು."

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿತು. ಆಮೇಲೆ ಅಧ್ಯಕ್ಷರು, "ಯಾರದ್ದು ಹೇಳಿ ಆನು ಕೇಳ್ತಿಲ್ಲೆ. ನೀನೂ ಹೇಳಡ," ಎಂದು ಫೋನ್ ಇಟ್ಟರು.

ಮರಿಗಳು ಬಂದವು. ಆಮೇಲೆ ಗೊಬ್ಬರವೂ ಆಯಿತು, ಚೆನ್ನಾಗಿಯೇ ಆಯಿತು. ಆಪಾ ಮರಿಗಳನ್ನು ತೋರಿಸಿ ನನ್ನನ್ನು ಸಮಾಧಾನ ಮಾಡಿದರು: "ಯೋಚನೆ ಮಾಡಬೇಡ ಬೇಟಿ. ಮುಂದಿನ ವರ್ಷದ ಗೊಬ್ಬರಕ್ಕೆ ಜನ ತಯಾರಾಗಿದ್ದಾರೆ."

ಕಟ್ಟಿಗೆ ಇಡುವ ಜಾಗ

ಶ್ರಾವಣ ಬಂತು. ಸಿದ್ದಾಪುರ ಆಗಿತ್ತು, ಯಲ್ಲಾಪುರ ಆಗಿತ್ತು. ಶಿರಸಿ ಆಗಿರಲಿಲ್ಲ. ಪೇಟೆಯ ಒಂದೊಂದೇ ಮನೆಗೆ ಹೋದೆ. ಎಲ್ಲರೂ ಚಹಾ ಕೊಟ್ಟರು. ಎಲ್ಲರದೂ ಒಂದೇ ಮಾತು: "ಪಕ್ಕದ ಮನೆಲ್ಲಿ ಮಾಡು. ಎಂಗ ಬಂದು ನೋಡ್ತ್ಯ." ಪಕ್ಕದ ಮನೆಯವರೂ ಅದನ್ನೇ ಹೇಳಿದರು. ಪೇಟೆಯಾಚೆ ಹೆಗಡೆಕಟ್ಟಾ ಊರಿನವರೆಗೂ ಹೋಗಿ ಬಂದೆ. ಅಲ್ಲಿಯೂ ಪಕ್ಕದ ಮನೆಗಳಿದ್ದವು.

ಹೊಸದಾಗಿ ಗುಂಡಿ ತುಂಬಿ ಚೌತಿಯೊಳಗೆ ಹಣ್ಣು ಮಾಡುವಷ್ಟು ಕಾಲವೂ ಉಳಿದಿರಲಿಲ್ಲ. ಆಗ ಅಧ್ಯಕ್ಷರ ಫೋನು ಬಂತು.

"ಮನೆಗೆ ಬಾ. ಹಿಂದಿನ ಗೇಟಲ್ಲಿ ಬಾ. ಒಬ್ಳೇ ಬಾ."

ಹೋದೆ. ಹಿತ್ತಲ ತುಂಬ ಡೇರೆ. ಊಟದ ತಟ್ಟೆಯಷ್ಟು ದೊಡ್ಡ ಹೂವುಗಳು, ಕಡುಗೆಂಪು, ಹಳದಿ, ಬಿಳಿ ಅಂಚಿನವು. ಅಂಥ ಗಿಡಗಳನ್ನು ನಾನು ನೋಡಿರಲಿಲ್ಲ. ಅಧ್ಯಕ್ಷರು ಅವನ್ನು ತೋರಿಸಲು ನಿಲ್ಲಲಿಲ್ಲ. ಬಚ್ಚಲುಮನೆಯ ಹಿಂದೆ ಕರೆದೊಯ್ದರು. ಅಲ್ಲಿ ಕಟ್ಟಿಗೆ ಒಟ್ಟಿತ್ತು. ಕಟ್ಟಿಗೆಯ ಆಚೆ ಬಾಳೆಎಲೆ ಮುಚ್ಚಿದ ಒಂದು ದಿಬ್ಬ. ಎಲೆ ಸರಿಸಿದರು.

"ಕೈ ಹಾಕಿ ನೋಡು. ಆತಾ?"

ಕೈ ಹಾಕಿದೆ. ಬಿಸಿ ಇರಲಿಲ್ಲ. ಕಪ್ಪಗೆ, ಉದುರುದುರಾಗಿತ್ತು. ಮೂಸಿದೆ. ಮಣ್ಣಿನ ವಾಸನೆ, ಅಷ್ಟೇ. ಬೂದಿ ಇಲ್ಲ, ಸುಣ್ಣ ಇಲ್ಲ, ಬೆಲ್ಲ ಇಲ್ಲ, ಹೇಂಟೆ ಇಲ್ಲ. ಮೂರು ತಾಲೂಕಿನಲ್ಲಿ ನಾನು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದವರು ಒಬ್ಬರಿದ್ದರು. ಆ ಪದ ಹೇಳಬೇಡ ಎಂದವರು.

"ಮೊದಲಿಂದು ಡೇರೆಗೆ ಹಾಕಿದಿ," ಎಂದರು. "ಇದು ಎರಡನೇದು."

ಭಾಯಿ ಎರಡು ಚೀಲ ಇಳಿಸಿದ ಹಿಂದಿನ ಗೇಟು ಯಾವುದೆಂದು ಆಗ ಗೊತ್ತಾಯಿತು. ನನಗೆ ಕುಣಿಯಬೇಕೆನ್ನಿಸಿತು.

"ಸಿರ್ಸಿ ಗುಂಡಿ ಆತು ಅಧ್ಯಕ್ಷರೇ! ಮೂರೂ ಆತು!"

"ಯಾವ ಗುಂಡಿ?"

"ಇದೇ."

"ಇದು ಗುಂಡಿ ಅಲ್ಲ. ಕಟ್ಟಿಗೆ ಇಡ ಜಾಗ."

"ಎನ್ನ ಕೆಲಸ ಇದ್ರ ಮೇಲೇ ನಿಂತಿದ್ದು."

ಅವರು ಬಾಳೆಎಲೆಯನ್ನು ಮತ್ತೆ ಮುಚ್ಚಿದರು. "ಗೊತ್ತಿದ್ದು ಕೂಸೇ. ಆದ್ರೆ ಎಂಗಳ ಅತ್ತೆಗೆ ತೊಂಬತ್ತು ಆತು. ಈ ಹಿತ್ಲಿಗೆ ಅದು ಬಂದದ್ದು ಗೊತ್ತಾದ್ರೆ ನಾಳೆಯಿಂದ ಎನ್ನ ಕೈ ನೀರು ಮುಟ್ತಿಲ್ಲೆ. ಈ ಮನೆಗೆ ಬಂದಾಗಿನಿಂದ ಆನೇ ಬಡಿಸಿದ್ದು. ಕಡೆಗಾಲಕ್ಕೆ ಅತ್ತೆ ಉಪವಾಸ ಬಿದ್ರೆ ಎಂತ ಮಾಡ್ಲಿ?" ಅವರ ಕಣ್ಣು ತುಂಬಿತು. ಇಲ್ಲಿ ಅಮೋನಿಯಾ ಇರಲಿಲ್ಲ. "ಆಣೆ ಹಾಕು."

ಅವರ ಕಡುಗೆಂಪು ಡೇರೆಯ ಬುಡ ಮುಟ್ಟಿ ಆಣೆ ಹಾಕಿದೆ.

ಹೋಗುವಾಗ ಮುಂದಿನ ಜಗುಲಿಯಲ್ಲಿ ಅವರ ಅತ್ತೆ ಕೂತಿದ್ದರು. ಮೊದಲ ಸಭೆಯಲ್ಲಿ 'ಯಾವ ಪಕ್ಷಿ' ಎಂದು ಕೇಳಿದ ಅಜ್ಜಿ ಅವರೇ ಎಂದು ಈಗ ಗುರುತು ಹತ್ತಿತು. ಬೆರಳಾಡಿಸಿ ಕರೆದರು.

"ಗೊಬ್ಬರ ಆತಾ ಕೂಸೇ?"

"ಯಾವ ಗೊಬ್ಬರ ಅಜ್ಜಿ?"

"ಬಚ್ಚಲ ಹಿಂದಿಂದು. ಕೋಳಿದು." ಜೋರಾಗಿಯೇ ಹೇಳಿದರು. "ಎಂಗೆ ಮೊದಲ ದಿನವೇ ಗೊತ್ತಿದ್ದು. ಮೂಗು ಇನ್ನೂ ಚೊಲೋ ಇದ್ದು. ಡೇರೆ ನೋಡು, ಎಷ್ಟು ಚಂದ ಆತು!"

ನನ್ನ ಎದೆ ಹಗುರಾಯಿತು. "ಹಂಗಾರೆ ಸೊಸೆಗೆ ಹೇಳ್ಲಾ ಅಜ್ಜಿ, ನಿಂಗಕ್ಕೆ ಅಡ್ಡಿಲ್ಲೆ ಹೇಳಿ?"

ಅಜ್ಜಿ ನನ್ನ ಮಣಿಕಟ್ಟು ಹಿಡಿದರು. ಬಲವಾದ ಹಿಡಿತ.

"ಹೇಳಡ! ಎಂಗೆ ಗೊತ್ತಿದ್ದು ಹೇಳಿ ಗೊತ್ತಾದ್ರೆ ಪಾಪದ್ದು ನಾಚಿಕೆಲ್ಲಿ ಸಾಯ್ತು. ಇಷ್ಟು ವರ್ಷ ಎನ್ನ ಮಡಿಗೆ ಹೆದ್ರಿ ಬದುಕಿದ್ದು. ಈಗ ಅದೆಲ್ಲ ಸುಳ್ಳೇ ಹೇಳಿ ಆಗ್ತು. ಆಣೆ ಹಾಕು."

ಹಾಕಿದೆ.

ಚೌತಿಗೆ ಮೊದಲು ಸಂಘದ ಸಭೆ, ಅದೇ ಸಭಾಭವನದಲ್ಲಿ. ಅದೇ ದಿನ ಡೇರೆ ಹೂವಿನ ಸ್ಪರ್ಧೆ. ಮೇಜಿನ ಮೇಲೆ ಸಾಲಾಗಿ ಹೂವು. ಮೊದಲ ಬಹುಮಾನ ಅಧ್ಯಕ್ಷರ ಕಡುಗೆಂಪಿಗೆ. ಯಾರೂ ಆಕ್ಷೇಪಿಸಲಿಲ್ಲ, ಎರಡನೆಯದು ಅದರ ಪಕ್ಕದಲ್ಲಿ ಮೊಗ್ಗಿನಂತೆ ಕಾಣುತ್ತಿತ್ತು. ಏನು ಗೊಬ್ಬರ ಹಾಕಿದ್ದು ಎಂದು ಸಭೆ ಕೇಳಿತು.

"ಸಗಣಿ," ಎಂದರು ಅಧ್ಯಕ್ಷರು ಮೈಕಿನಲ್ಲಿ. "ಸಗಣಿ ಬಿಟ್ಟರೆ ಎಂಗಳ ಮನೆಲ್ಲಿ ಬೇರೆ ಎಂತದೂ ಇಲ್ಲೆ."

ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ, "ಮತ್ತೆ ಆ ಕೋಳಿ ರಗಳೆ ಎಂತಕ್ಕೆ?" ಎಂದರು. ಮುಂದಿನ ಸಾಲಿನಲ್ಲಿ ಅಜ್ಜಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.

ಆಮೇಲೆ ನನ್ನ ವರದಿ. ಸಿದ್ದಾಪುರದ ಅತ್ತೆ ಎದ್ದು ಸಾಕ್ಷಿ ಹೇಳಿದರು; ಪಕ್ಕದಲ್ಲಿ ಮಗ ಒದ್ದೆ ತಲೆಯಲ್ಲಿ ಕೂತಿದ್ದ, ಹೊರಡುವ ಮೊದಲು ಆದ ಗೊಬ್ಬರವನ್ನು ಚೀಲಕ್ಕೆ ತುಂಬಿಟ್ಟು ಬಂದಿದ್ದನಂತೆ. ಯಲ್ಲಾಪುರದ ಆಪಾ ಒಂದು ಬುಟ್ಟಿ ಬದನೆಕಾಯಿ ತಂದು ಮೇಜಿನ ಮೇಲಿಟ್ಟರು. ಸಂಸ್ಕೃತ ಮಾಸ್ತರರು ತಮ್ಮ ಗುಂಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದರು. ಅದರಲ್ಲಿ ಈಗ ಹುಲ್ಲೂ ಹುಟ್ಟುವುದಿಲ್ಲ ಎಂದು ಅವರ ಹೆಂಡತಿಯೇ ಹೇಳಿ ಕೂರಿಸಿದರು.

ಸಮಿತಿಯವರು ಪೆನ್ನು ಹಿಡಿದು ಕಾಯುತ್ತಿದ್ದರು. ಅಧ್ಯಕ್ಷರೇ ಕೇಳಬೇಕಿತ್ತು, ಕೇಳಿದರು. ನನ್ನ ಕಡೆ ನೋಡಲಿಲ್ಲ, ಹೂವಿನ ಕಡೆ ನೋಡಿದರು.

"ಒಟ್ಟು ಎಷ್ಟು ಗುಂಡಿ ಆತು ಕೂಸೇ?"

ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಮೇಜಿನ ಮೇಲೆ ಡೇರೆ ಊಟದ ತಟ್ಟೆಯಷ್ಟಿತ್ತು. ಫೋನು ಚೀಲದಲ್ಲಿ ನಡುಗುತ್ತಿತ್ತು, ಆಯಿ ಇರಬೇಕು.

"ಎರಡು," ಎಂದೆ.